ಸಸಿಯ ಬುಡದಲ್ಲಿ ವಿಷವೇಕೆ?

ಬಸದಿಯ ತೋಟದಲ್ಲಿ ತೆಂಗಿನ ಸಸಿ ನೆಡುವುದು ಪುಣ್ಯಕಾರ್ಯವೆಂದು ಎಲ್ಲರೂ ಒಪ್ಪುವರು. ಅದೇ ಸಸಿಯ ಬುಡದ ಬಿಲಗಳಲ್ಲಿ ವಿಷವಿಡಲು ಠರಾವು ಬರೆಯುವಾಗ ಮಾತ್ರ ಕೆಲವು ಧರ್ಮದರ್ಶಿಗಳಿಗೆ ಧರ್ಮದ ನೆನಪಾಗದಿರುವುದು ಖೇದಕರ.

ಹೆಗ್ಗಣವು ಎಳೆಯ ಸಸಿಯ ಬುಡವನ್ನು ತೋಡಿ ತಿರುಳನ್ನು ತಿನ್ನುವುದೂ ಮುಳ್ಳುಹಂದಿಯು ಬುಡವನ್ನು ಕಡಿದುಹಾಕುವುದೂ ನಿಜ. ಆದರೆ "ಕೃಷಿಯಲ್ಲಿ ಇದು ಉದ್ಯೋಗಿ ಹಿಂಸೆ, ಗೃಹಸ್ಥನಿಗೆ ಕ್ಷಮ್ಯ" ಎಂಬ ವಾದ ನಿಲ್ಲದು. ಗುಂಡಿ ತೆಗೆಯುವಾಗ ಎರೆಹುಳು ಸತ್ತರೆ ಅದು ಉದ್ಯೋಗಿ ಹಿಂಸೆ. ಅಲ್ಲಿ ಕೊಲ್ಲುವ ಸಂಕಲ್ಪವಿಲ್ಲ. ವಿಷದುಂಡೆಗೆ ಕೊಲ್ಲುವುದರ ಹೊರತು ಬೇರೆ ಉದ್ದೇಶವೇ ಇಲ್ಲ. ಅದು ಸಂಕಲ್ಪಿ ಹಿಂಸೆ. ಅಣುವ್ರತಿಯು ಮೊದಲು ತ್ಯಜಿಸಬೇಕಾದುದೇ ಅದು.

"ವಿಷವಿಟ್ಟವನು ಗುತ್ತಿಗೆದಾರ" ಎಂಬ ಸಮಾಧಾನವೂ ಹುಸಿ. ಕೃತ, ಕಾರಿತ, ಅನುಮೋದನೆ ಎಂಬ ಮೂರರಲ್ಲಿ ಹಣ ಮಂಜೂರು ಮಾಡಿದವರು ಕಡೆಯ ಎರಡಕ್ಕೂ ಹೊಣೆ. ಸಮಂತಭದ್ರಾಚಾರ್ಯರ ರತ್ನಕರಂಡಕ ಶ್ರಾವಕಾಚಾರವು ವಿಷವನ್ನು ಒದಗಿಸುವುದನ್ನೇ ಹಿಂಸಾದಾನವೆಂದು ಎಣಿಸಿದೆ.

ವ್ಯಾಪಾರದ ಲೆಕ್ಕದಲ್ಲಿಯೂ ಇದು ನಷ್ಟವೇ. ಬ್ರೋಮಾಡಿಯೋಲೋನ್ ರಕ್ತ ಹೆಪ್ಪುಗಟ್ಟದಂತೆ ಮಾಡಿ ಪ್ರಾಣಿಯನ್ನು ದಿನಗಟ್ಟಲೆ ನರಳಿಸಿ ಕೊಲ್ಲುತ್ತದೆ. ಅದನ್ನು ತಿಂದ ಗೂಬೆಗೂ ಅಪಾಯ ತಪ್ಪದು. ಅಲ್ಯೂಮಿನಿಯಂ ಫಾಸ್ಫೈಡ್ ಮಾತ್ರೆ ಮಣ್ಣಿನ ತೇವದಿಂದಲೇ ವಿಷಾನಿಲ ಬಿಡುತ್ತದೆ. ಬಿಲದೊಳಗಿನ ಕೇರೆಹಾವು, ಕಪ್ಪೆಗಳೂ ಸಾಯುತ್ತವೆ. ಹೆಗ್ಗಣವನ್ನು ಹಿಡಿಯುವ ಗೂಬೆಯೂ ಕೇರೆಯೂ ಅಳಿದ ಮೇಲೆ, ಬರಿದಾದ ಬಿಲಕ್ಕೆ ಹೊಸ ಹೆಗ್ಗಣ ಬರುವುದು. ಮುಳ್ಳುಹಂದಿಗಂತೂ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ರಕ್ಷಣೆಯಿದೆ.

ಇನ್ನು ಕೆಲವರು ವಿರೋಧಿ ಹಿಂಸೆಯ ಮರೆ ಹೋಗುವರು. ಬೇರೆ ದಾರಿಯಿಲ್ಲದಾಗ ಮಾತ್ರ ಆ ಮಾತು ಸಲ್ಲುವುದು. ಇಲ್ಲಿ ದಾರಿಯಿದೆ. ಅರ್ಧ ಇಂಚು ಕಣ್ಣಿನ, ತುಕ್ಕು ಹಿಡಿಯದ ಗಟ್ಟಿ ತಂತಿಬಲೆಯನ್ನು ಸಸಿಯಿಂದ 1 ಅಡಿ ದೂರದಲ್ಲಿ ಸುತ್ತಲೂ ನಿಲ್ಲಿಸಬೇಕು. ಅದು ನೆಲದೊಳಗೆ ಒಂದೂವರೆ ಅಡಿ, ಮೇಲೆ 2 ಅಡಿ ಇರಲಿ. ಕೆಳಗಿನ ಅಂಚನ್ನು ಹೊರಕ್ಕೆ ಬಗ್ಗಿಸಿ ಹೂಳಿದರೆ ತೋಡುವ ಪ್ರಾಣಿಗೆ ಅಡ್ಡಿಯಾಗುವುದು. ಬುಡದ ಬಳಿ ಕಳೆ, ಸೋಗೆ, ತೆಂಗಿನ ಸಿಪ್ಪೆಯ ರಾಶಿ ಇರಬಾರದು. ಹೆಗ್ಗಣಕ್ಕೆ ಅವೇ ಆಸರೆ.

ಬಲೆಗೆ ಖರ್ಚು ಹೆಚ್ಚೆನ್ನುವ ಟ್ರಸ್ಟುಗಳು ಹತ್ತು ಸಸಿಗಳ ಬದಲು ಆರನ್ನೇ ನೆಡಲಿ. ಸಸಿಯ ಬೆಲೆಯೊಡನೆ ಬಲೆಯ ಬೆಲೆಯನ್ನೂ ಆಯವ್ಯಯದಲ್ಲಿ ಬರೆಯಲಿ. ವಿಷದ ಬಾಬತ್ತನ್ನು ಶಾಶ್ವತವಾಗಿ ಹೊಡೆದುಹಾಕಲಿ. ಜಿನಪೂಜೆಗೆ ಸಲ್ಲುವ ತೆಂಗಿನಕಾಯಿಯ ಹಿಂದೆ ಜೀವವಧೆಯ ಠರಾವು ಇರಬಾರದು.