ಘಾಟಿಯಲ್ಲಿ ಗಾಡಿ ನಿಲ್ಲಿಸುವವರೇ, ಕೇಳಿ

ಸಿಂಗಳೀಕ ಅಳಿವಿನ ಅಂಚಿನಲ್ಲಿದೆ ಎಂದು ನಿಮಗೆ ಹೊಸದಾಗಿ ಹೇಳಬೇಕಿಲ್ಲ. ಕರ್ನಾಟಕ, ಕೇರಳ, ತಮಿಳುನಾಡಿನ ಪಶ್ಚಿಮ ಘಟ್ಟ ಬಿಟ್ಟರೆ ಜಗತ್ತಿನ ಬೇರಾವ ಕಾಡಿನಲ್ಲೂ ಅದು ಇಲ್ಲ. ಎಲ್ಲ ಸೇರಿಸಿ ಎಣಿಸಿದರೂ 4,000 ದಾಟುವುದಿಲ್ಲ ಎಂಬುದು ತಜ್ಞರ ಅಂದಾಜು. ಹುಲಿಗೆ ಕಾನೂನು ಕೊಟ್ಟ ರಕ್ಷಣೆಯನ್ನೇ ಇದಕ್ಕೂ ಕೊಟ್ಟಿದೆ. ಇದನ್ನೆಲ್ಲ ಓದಿ, ತಲೆದೂಗಿ, ರಜೆ ಬಂದೊಡನೆ ಘಾಟಿಗೆ ಹೋಗಿ ಕಾರಿನ ಕಿಟಕಿಯಿಂದ ಚಿಪ್ಸ್ ಎಸೆಯುತ್ತೇವೆ!

ಆಗುಂಬೆ ಘಾಟಿಯ ಒಂದು ತಿರುವಿನಲ್ಲಿ ಕಂಡದ್ದನ್ನು ಹೇಳುತ್ತೇನೆ. ತಾಯಿ ಸಿಂಗಳೀಕವೊಂದು ಡಾಂಬರಿನ ಮೇಲೆ ಕೂತಿತ್ತು. ಹೊಟ್ಟೆಗೆ ಮರಿ ಕಚ್ಚಿಕೊಂಡಿತ್ತು. ತಾಯಿ ಪ್ಲಾಸ್ಟಿಕ್ ಪೊಟ್ಟಣವನ್ನು ಹಲ್ಲಿನಿಂದ ಸೀಳಿ, ಒಳಗಂಟಿದ ಖಾರದ ಪುಡಿಯನ್ನು ಬೆರಳಲ್ಲಿ ಬಳಿದು ನೆಕ್ಕುತ್ತಿತ್ತು. ಮೇಲಿಂದ ಇಳಿದು ಬಂದ ಬಸ್ಸು ಹಾರ್ನ್ ಹೊಡೆದರೂ ಏಳಲಿಲ್ಲ. ಚಾಲಕ ಬ್ರೇಕ್ ಒತ್ತದಿದ್ದರೆ ಎರಡು ಜೀವವೂ ಅಲ್ಲೇ ಮುಗಿಯುತ್ತಿತ್ತು. ಪೊಟ್ಟಣ ಎಸೆದವರು ಮೊಬೈಲ್ ಹಿಡಿದು ನಗುತ್ತಿದ್ದರು. ಕೇಳಿದ್ದಕ್ಕೆ, "ಪಾಪ, ಹಸಿದಿದೆ. ಆಂಜನೇಯನಿಗೆ ಕೊಟ್ಟ ಹಾಗಲ್ಲವೇ?" ಎಂದರು.

ಹಸಿದಿದೆಯಂತೆ! ತಲೆಯ ಮೇಲೆ ಹೆಬ್ಬಲಸು, ಉಪ್ಪಾಗೆ, ರಾಮಪತ್ರೆ ತುಂಬಿದ ಕಾಡಿದೆ. ಹಣ್ಣು, ಬೀಜ, ಹುಳುಹುಪ್ಪಟೆ ಹುಡುಕುತ್ತಾ ಮರದಿಂದ ಮರಕ್ಕೆ ದಿನವಿಡೀ ಅಲೆಯುವ ಪ್ರಾಣಿ ಅದು. ನೆಲಕ್ಕೆ ಇಳಿಯುವುದೇ ಅಪರೂಪ. ಅದನ್ನು ರಸ್ತೆಗೆ ಇಳಿಸಿದ್ದು ಹಸಿವಲ್ಲ, ನಮ್ಮ ಕೈ. ಒಮ್ಮೆ ರುಚಿ ಹತ್ತಿದರೆ ತಾಯಿ ಇಳಿಯುತ್ತದೆ, ತಾಯಿಯನ್ನು ನೋಡಿ ಮರಿ ಕಲಿಯುತ್ತದೆ, ಆಮೇಲೆ ಇಡೀ ಗುಂಪೇ ತಿರುವಿನಲ್ಲಿ ಕಾದು ಕೂರುತ್ತದೆ. ಚಕ್ರಕ್ಕೆ ಸಿಕ್ಕಿ ಸತ್ತರೆ, "ಅಯ್ಯೋ ಪಾಪ" ಎನ್ನುವವರೂ ನಾವೇ.

ಒಂದು ಸತ್ತರೇನು ಎನ್ನಬೇಡಿ. ಹೆಣ್ಣು ಸಿಂಗಳೀಕ ಮೊದಲ ಮರಿ ಹಾಕಲು ಐದಾರು ವರ್ಷ ಬೇಕು. ಹೆತ್ತರೂ ಸಾಮಾನ್ಯವಾಗಿ ಒಂದೇ ಮರಿ. ಮತ್ತೊಂದಕ್ಕೆ ಎರಡು ವರ್ಷಕ್ಕೂ ಹೆಚ್ಚು ಕಾಯಬೇಕು. ಹತ್ತಿಪ್ಪತ್ತರ ಗುಂಪಿನಲ್ಲಿ ಬೆಳೆದ ಹೆಣ್ಣೊಂದು ಹೋದರೆ ಆ ನಷ್ಟ ಬೇಗ ತುಂಬುವುದಿಲ್ಲ.

ಕಾಡು ಕಡಿದವರು, ಅಣೆಕಟ್ಟು ಕಟ್ಟಿದವರು, ತೋಟ ಮಾಡಿದವರು ದೊಡ್ಡ ಹಾನಿ ಮಾಡಿದ್ದಾರೆ, ನಿಜ. ತಮಿಳುನಾಡಿನ ವಾಲ್ಪಾರೈ ಬಳಿ ಪುದುತೋಟ್ಟಂನಲ್ಲಿ ಚಹಾ ತೋಟಗಳ ನಡುವೆ ಉಳಿದದ್ದು 92 ಹೆಕ್ಟೇರಿನ ಕಾಡು. ಅಲ್ಲಿನ ಸಿಂಗಳೀಕಗಳು ರಸ್ತೆಗೂ ಮನೆಗಳಿಗೂ ಇಳಿದಿವೆ. ದಾಟಲೆಂದು ರಸ್ತೆಯ ಮೇಲೆ ಹಗ್ಗದ ಸೇತುವೆ ಕಟ್ಟಬೇಕಾಯಿತು. ಅಲ್ಲಿ ಕಾಡೇ ಹೋಗಿತ್ತು. ನಮ್ಮ ಘಾಟಿಗಳಲ್ಲಿ ಕಾಡು ಇನ್ನೂ ಇದೆ. ಇದ್ದೂ ಅವುಗಳನ್ನು ಭಿಕ್ಷೆಗೆ ಇಳಿಸುತ್ತಿದ್ದೇವೆ. ಇದಕ್ಕೆ ಕ್ಷಮೆಯಿಲ್ಲ.

ಸೈಲೆಂಟ್ ವ್ಯಾಲಿಯನ್ನು ನೆನಪಿಸಿಕೊಳ್ಳಿ. ಕೇರಳದ ಮೇಷ್ಟರು, ಕವಿಗಳು, ವಿಜ್ಞಾನಿಗಳು, ಸಾಮಾನ್ಯ ಜನ ಸೇರಿ ಒಂದು ಅಣೆಕಟ್ಟನ್ನೇ ನಿಲ್ಲಿಸಿದರು. ಆ ಹೋರಾಟದ ಮುಖವಾಗಿದ್ದದ್ದು ಇದೇ ಸಿಂಗಳೀಕ. 1984ರಲ್ಲಿ ಆ ಕಣಿವೆ ರಾಷ್ಟ್ರೀಯ ಉದ್ಯಾನವೆಂದು ಘೋಷಣೆಯಾಯಿತು. ನಮ್ಮಲ್ಲೂ ಅಘನಾಶಿನಿ ಕಣಿವೆ 2011ರಲ್ಲಿ ಸಂರಕ್ಷಣಾ ಮೀಸಲಾಯಿತು, 2019ರಲ್ಲಿ ಶರಾವತಿ ಕಣಿವೆಗೆ ಸಿಂಗಳೀಕದ ಹೆಸರಿನಲ್ಲೇ ಅಭಯಾರಣ್ಯ ಬಂತು. ಕೇರಳದವರು ಅಣೆಕಟ್ಟು ನಿಲ್ಲಿಸಿದರು, ನಮಗೆ ಬಾಳೆಹಣ್ಣು ಹಿಡಿದ ನಮ್ಮದೇ ಕೈಯನ್ನು ನಿಲ್ಲಿಸಲಾಗದೇ? ಘಾಟಿಯಲ್ಲಿ ಎಷ್ಟು ಫಲಕ ನೆಟ್ಟರೇನು, ಅದರ ಕೆಳಗೇ ಗಾಡಿ ನಿಲ್ಲಿಸುವವರು ಓದಬೇಕಲ್ಲ?

ಪುಣ್ಯ ಬೇಕಿದ್ದರೆ ಹಸಿದ ಮನುಷ್ಯರಿಗೆ ಊಟ ಹಾಕಿ. ಆಂಜನೇಯನ ಹೆಸರು ಹೇಳಿ ಈ ಪಾಪ ಕಟ್ಟಿಕೊಳ್ಳಬೇಡಿ. ಹಣ್ಣೂ ಬೇಡ, ಬಿಸ್ಕತ್ತೂ ಬೇಡ, ಕಸವನ್ನಂತೂ ಬಿಡಲೇಬೇಡಿ. ಬೇರೆಯವರು ಎಸೆಯುವುದು ಕಂಡರೆ ಸಂಕೋಚ ಬಿಟ್ಟು ತಡೆಯಿರಿ, ಜಗಳವಾದರೂ ಸರಿ. ಟ್ಯಾಕ್ಸಿ, ಟೆಂಪೋ ಓಡಿಸುವ ಅಣ್ಣಂದಿರೇ, ಪ್ರವಾಸಿಗರು ಎಷ್ಟೇ ಒತ್ತಾಯಿಸಿದರೂ ಆ ತಿರುವುಗಳಲ್ಲಿ ನಿಲ್ಲಿಸಬೇಡಿ. ಮಕ್ಕಳು ಕೇಳಿದರೆ ಮರದ ಮೇಲಿರುವುದನ್ನು ತೋರಿಸಿ, ಅಷ್ಟು ಸಾಕು.

ಮುಂದಿನ ಸಲ ರಸ್ತೆ ಬದಿಯಲ್ಲಿ ಆ ಬೂದು ಕೇಸರದ ಕಪ್ಪು ಮುಖ ಕಂಡಾಗ, ದಯವಿಟ್ಟು ಗಾಜು ಏರಿಸಿ, ನಿಧಾನವಾಗಿ ಮುಂದೆ ಹೋಗಿ.