ಭಯಾನಕ ರಸವೂ ಗೋಡೆಯ ಕಾಗದವೂ

ಕಳೆದ ತಿಂಗಳ ಒಂದು ಆದಿತ್ಯವಾರ ಸಾಯಂಕಾಲ ನಾವು ಮನೆಯ ಕಟ್ಟೆಯ ಮೇಲೆ ಕುಳಿತಿರಲಾಗಿ, ಗದುಗಿನ ಕಾಲೇಜಿನಲ್ಲಿ ಓದುತ್ತಿರುವ ಏಳು ಮಂದಿ ವಿದ್ಯಾರ್ಥಿಗಳು ಒಟ್ಟಾಗಿ ಬಂದು ನಮಸ್ಕರಿಸಿ ನಿಂತರು. ಐವರು ಹುಡುಗರು, ಇಬ್ಬರು ಹುಡುಗಿಯರು. ಅವರಲ್ಲಿ ಮೂವರು ನಮ್ಮ ಮುಂದೆಯೇ ರಾಮಶಬ್ದವನ್ನು ಬಾಯಿಪಾಠ ಮಾಡಿದವರು. “ಮಾಸ್ತರ್ರ, ಒಂದು ಕಾಗದ ಬರದೇವ್ರಿ. ಶುದ್ಧ ಐತೋ ಇಲ್ಲೋ ನೋಡಿ ಕೊಡ್ರಿ” ಎಂದು ಅವರಲ್ಲೊಬ್ಬನು ಚೀಲಕ್ಕೆ ಕೈ ಹಾಕಿದನು. ಕಾಗದವೇನೆಂದು ಕೇಳುವ ಮೊದಲು, ಇಷ್ಟು ಮಂದಿ ಒಂದೇ ಕೆಲಸಕ್ಕೆ ಹೊರಟಿರುವುದೇಕೆಂದು ಕೇಳಿದೆವು. ತಾವು ಕೂಡಿ ಒಂದು ಚಿತ್ರಪಟವನ್ನು ತೆಗೆಯುತ್ತಿರುವೆವೆಂದೂ, ಅದು ಇಪ್ಪತ್ತೈದು ನಿಮಿಷದ್ದೆಂದೂ, ಭೂತದ ಕಥೆಯೆಂದೂ ತಿಳಿಸಿದರು.

ನಿವೃತ್ತನಾದ ಮಾಸ್ತರನು ಇಂಥ ಮಾತು ಕೇಳಿದೊಡನೆ “ಪರೀಕ್ಷೆಯ ಗತಿಯೇನು?” ಎಂದು ಗದರಿಸತಕ್ಕದ್ದೆಂದು ಲೋಕದ ನಿರೀಕ್ಷೆ. ನಾವು ಗದರಿಸಲಿಲ್ಲ, ಕಥೆಯನ್ನು ಹೇಳಿಸಿಕೊಂಡೆವು. ಬೆಟಗೇರಿಯ ಒಂದು ಹಳೆಯ ಮನೆ; ಬಹುಕಾಲದಿಂದ ಬೀಗ ಬಿದ್ದಿರುವುದು. ಪಕ್ಕದ ಮನೆಗೆ ಬಾಡಿಗೆಗೆ ಬಂದ ಹುಡುಗಿಗೆ ನಡುರಾತ್ರಿಯಲ್ಲಿ ಗೋಡೆಯ ಆಚೆಯಿಂದ ಮಗ್ಗದ ಸಪ್ಪಳ ಕೇಳಿಸುತ್ತದೆ. ಲಾಳಿ ಓಡುತ್ತದೆ, ನಿಲ್ಲುತ್ತದೆ, ಮತ್ತೆ ಓಡುತ್ತದೆ. ಒಂದು ದಿನ ಬೀಗ ತೆಗೆಸಿ ನೋಡಿದರೆ ಒಳಗೆ ಮಗ್ಗವಿಲ್ಲ, ಮಗ್ಗವಿದ್ದ ಕುಣಿ ಮಾತ್ರ ಇದೆ. ಅಂದಿನ ರಾತ್ರಿ ಸಪ್ಪಳವು ಅವಳ ಕೋಣೆಯೊಳಗಿನಿಂದಲೇ ಕೇಳಿಸುತ್ತದೆ. ಇಷ್ಟೇ ಕಥೆ. ನೇಕಾರರ ಊರೆಂದೇ ಹೆಸರಾದ ಬೆಟಗೇರಿಯಲ್ಲಿ ಎಷ್ಟು ಕೈಮಗ್ಗಗಳು ಸದ್ದಡಗಿದವೆಂಬುದನ್ನು ಬಲ್ಲವರಿಗೆ ಈ ಕಥೆಯ ಭಯದ ಹಿಂದೆ ಇನ್ನೊಂದು ಭಾವವೂ ಕಾಣದೆ ಇರದು. ನಮಗಂತೂ ಮೈ ಜುಮ್ಮೆಂದಿತು.

ಭೂತದ ಕಥೆಯೆಂದರೆ ಕೀಳು ಅಭಿರುಚಿಯೆಂದು ಮೂಗು ಮುರಿಯುವ ಸಭ್ಯರು ನಮ್ಮ ವಾಚಕರಲ್ಲಿಯೂ ಇರಬಹುದು. ಅವರಲ್ಲಿ ನಮ್ಮದೊಂದು ವಿಜ್ಞಾಪನೆ. ಭರತಮುನಿಯು ನಾಟ್ಯಶಾಸ್ತ್ರದಲ್ಲಿ ಎಣಿಸಿದ ಎಂಟು ರಸಗಳಲ್ಲಿ ಭಯಾನಕವೂ ಒಂದು. ಅದಕ್ಕೆ ಕಪ್ಪು ಬಣ್ಣವನ್ನೂ ಕಾಲನೆಂಬ ಅಧಿದೇವತೆಯನ್ನೂ ಹೇಳಿ, ವಿಕೃತವಾದ ಧ್ವನಿ, ಭೂತಾದಿಗಳ ದರ್ಶನ, ನರಿ ಗೂಗೆಗಳ ಕೂಗು, ಶೂನ್ಯವಾದ ಮನೆ, ಅರಣ್ಯ ಮೊದಲಾದವುಗಳನ್ನು ಅದರ ವಿಭಾವಗಳೆಂದು ಆತನು ಕೊಟ್ಟಿರುವನು. ಈ ಹುಡುಗರು ನಾಟ್ಯಶಾಸ್ತ್ರವನ್ನು ಕಣ್ಣಿನಿಂದ ನೋಡಿದವರಲ್ಲ. ಆದರೂ ವಿಕೃತ ಧ್ವನಿ, ಶೂನ್ಯಾಗಾರ ಎರಡನ್ನೂ ಹುಡುಕಿಕೊಂಡಿದ್ದರು! ಭವಭೂತಿಯಂಥ ಕವಿಯು ಮಾಲತೀಮಾಧವದ ಐದನೆಯ ಅಂಕದಲ್ಲಿ ನಾಯಕನನ್ನು ಶ್ಮಶಾನಕ್ಕೇ ಕಳುಹಿಸಿದನು. ಆತನ ಅಭಿರುಚಿಯನ್ನು ಕೀಳೆನ್ನಲು ನಮಗೆ ಧೈರ್ಯ ಸಾಲದು.

ಅವರ ಏರ್ಪಾಡನ್ನು ನೋಡಿ ನಾವು ಇನ್ನಷ್ಟು ಸಂತೋಷಪಟ್ಟೆವು. ಒಂದು ಉದ್ದನೆಯ ಲೆಕ್ಕದ ಪುಸ್ತಕವಿತ್ತು. ತಲೆಗೆ ಎರಡು ಸಾವಿರ ರೂಪಾಯಿಯಂತೆ ಹದಿನಾಲ್ಕು ಸಾವಿರ ಕೂಡಿಸಿದ್ದರು. ಚಿತ್ರ ತೆಗೆಯುವುದು ಮೊಬೈಲಿನಿಂದಲೇ. ಆದರೆ ಧ್ವನಿ ಹಿಡಿಯುವ ಯಂತ್ರವನ್ನು ಬಾಡಿಗೆಗೆ ತರುವುದೆಂದು ಬರೆದಿತ್ತು. ಧ್ವನಿಯ ಹೊಣೆಯನ್ನು ಹೊತ್ತ ಹುಡುಗಿಯು, “ಚಿತ್ರ ಮಸಕಾದರ ಮಂದಿ ತಡಕೋತಾರ್ರಿ, ಸಪ್ಪಳ ಕೆಟ್ಟರ ಎದ್ದು ಹೋಗ್ತಾರ” ಎಂದಳು. ಇದು ಅನುಭವಸ್ಥರ ಮಾತು. ಮಾತುಕತೆ ಬರೆಯುವವನಾರು, ದೀಪ ಹಿಡಿಯುವವನಾರು, ಊಟ ತರುವವನಾರು ಎಂಬುದಕ್ಕೆಲ್ಲ ಹೆಸರುಗಳಿದ್ದವು. ಲಕ್ಕುಂಡಿಯ ಮೆಟ್ಟಿಲು ಬಾವಿಯಲ್ಲಿ ಒಂದು ದೃಶ್ಯವನ್ನೂ ಕಪ್ಪತಗುಡ್ಡದಲ್ಲಿ ಇನ್ನೊಂದನ್ನೂ ಮೊದಲು ಯೋಚಿಸಿದ್ದರಂತೆ. ರಕ್ಷಿತ ಸ್ಮಾರಕದಲ್ಲಿ ಚಿತ್ರ ತೆಗೆಯಲು ಪುರಾತತ್ತ್ವ ಇಲಾಖೆಯ ಅಪ್ಪಣೆ ಬೇಕು. ವನ್ಯಜೀವಿಧಾಮವಾದ ಕಪ್ಪತಗುಡ್ಡಕ್ಕೆ ಅರಣ್ಯ ಇಲಾಖೆಯದು ಬೇಕು. ಅದೂ ಅಲ್ಲದೆ ಕತ್ತಲೆಯಲ್ಲಿ ಪಾವಟಿಗೆ ತಪ್ಪಿದರೆ ಭೂತದ ಕಥೆಯು ನಿಜವೇ ಆಗುವುದು. ಇದನ್ನು ತಾವಾಗಿಯೇ ವಿಚಾರಿಸಿ ಎರಡನ್ನೂ ಕೈಬಿಟ್ಟಿದ್ದರು.

ಹತ್ತು ಕೈಗಳ ಸಣ್ಣ ಹಣ ಕೂಡಿ ದೊಡ್ಡ ಕೆಲಸವಾಗುವುದು ನಮ್ಮ ಸೀಮೆಗೆ ಹೊಸದಲ್ಲ. ದೇಶದ ಮೊದಲನೆಯ ಕೃಷಿ ಸಹಕಾರಿ ಸಂಘವು 1905ರಲ್ಲಿ ಹುಟ್ಟಿದ್ದು ನಮ್ಮ ಗದುಗಿನ ಮಗ್ಗುಲಿನ ಕಣಗಿನಹಾಳದಲ್ಲಿ. ಚಿತ್ರಪಟದಲ್ಲಿಯೂ ಇದು ನಡೆದಿರುವುದು. 2013ರಲ್ಲಿ ತೆರೆಗೆ ಬಂದ ‘ಲೂಸಿಯಾ’ ಎಂಬ ಕನ್ನಡ ಚಿತ್ರಕ್ಕೆ ಸಾಹುಕಾರರಾರೂ ಬಂಡವಾಳ ಹಾಕದಿರಲು, ನಿರ್ದೇಶಕ ಪವನ್ ಕುಮಾರರು ಜನರನ್ನೇ ಕೇಳಿದರು. ನೂರಕ್ಕೆ ಮೇಲ್ಪಟ್ಟ ಮಂದಿ ಒಂದು ತಿಂಗಳೊಳಗಾಗಿ ಸುಮಾರು 50 ಲಕ್ಷ ರೂಪಾಯಿಗಳನ್ನು ಕೂಡಿಸಿಕೊಟ್ಟರು. ಹಣ ಹಾಕಿದವನು ನಾಲ್ಕು ಮಂದಿಗೆ ಹೇಳದೆ ಇರುವನೇ? ಪ್ರಚಾರದ ಅರ್ಧ ಭಾಗವು ಅಲ್ಲಿಯೇ ಮುಗಿಯಿತು.

ಇನ್ನು ಆ ಕಾಗದದ ಮಾತು.

ಅದು ಗೋಡೆಗಳಿಗೆ ಅಂಟಿಸತಕ್ಕ ಕಾಗದ. ನೆತ್ತಿಯಲ್ಲಿ ಕೆಂಪು ಅಕ್ಷರಗಳಲ್ಲಿ ‘ಕಾಣೆಯಾಗಿದ್ದಾಳೆ’ ಎಂದಿತ್ತು. ಕೆಳಗೆ ಅವರಲ್ಲಿಯೇ ಒಬ್ಬ ಹುಡುಗಿಯ ಭಾವಚಿತ್ರ, ಸುಳ್ಳು ಹೆಸರು, ಕಡೆಯದಾಗಿ ಭೀಷ್ಮಕೆರೆಯ ಬಳಿ ಕಂಡಿದ್ದಳೆಂಬ ಒಕ್ಕಣೆ, ಸುಳಿವು ಸಿಕ್ಕವರು ಪೊಲೀಸ್ ಠಾಣೆಗೆ ತಿಳಿಸಬೇಕೆಂಬ ಸೂಚನೆ. ಚಿತ್ರದ ಹೆಸರಿಲ್ಲ, ಪ್ರದರ್ಶನದ ಮಾತಿಲ್ಲ. ಇದನ್ನು ಬಸ್ ನಿಲ್ದಾಣದಲ್ಲಿಯೂ ಪೇಟೆಯಲ್ಲಿಯೂ ಅಂಟಿಸಿ, ಮೊಬೈಲುಗಳಿಗೂ ಕಳುಹಿಸಿ, ಎರಡು ದಿನ ಊರೆಲ್ಲ ಮಾತಾಡಿದ ಬಳಿಕ “ಇದು ನಮ್ಮ ಚಿತ್ರ” ಎಂದು ಹೊರಗೆಡಹುವುದು ಅವರ ಯುಕ್ತಿ. ನಾವು ಕನ್ನಡಕ ಹಾಕಿಕೊಂಡು, ಮೇಷ್ಟರ ಹಾಳು ಅಭ್ಯಾಸದಂತೆ, ಮೊದಲು ಒಂದು ಒತ್ತಕ್ಷರದ ತಪ್ಪನ್ನೇ ಹುಡುಕಿದೆವೆಂಬುದನ್ನು ಇಲ್ಲಿ ಒಪ್ಪಿಕೊಳ್ಳುವೆವು.

ಅಷ್ಟರಲ್ಲಿ ಹಾಲು ಹಾಕುವ ಹೆಣ್ಣುಮಗಳು ಬಂದಳು. ಆಕೆಗೆ ಓದು ಬಾರದು. ಆದರೆ ಕೆಂಪು ಅಕ್ಷರದ ಕೆಳಗೆ ಹುಡುಗಿಯ ಚಿತ್ರವಿರುವ ಕಾಗದವು ಎಂಥದೆಂಬುದನ್ನು ತಿಳಿಯಲು ಓದಬೇಕೆ? ಪಾತ್ರೆಯನ್ನು ಕಟ್ಟೆಯ ಮೇಲಿಟ್ಟು, “ಯವ್ವಾ, ಯಾರ ಮಗಳ್ರೀ ಈಕಿ? ಎಂದಿನಿಂದ ಕಾಣವಲ್ಲಳು? ಹಡದಾಕಿ ಉಂಡಾಳೋ ಇಲ್ಲೋ” ಎಂದಳು. ಆಕೆಯ ಮಗಳು ಹುಬ್ಬಳ್ಳಿಯ ಒಂದು ಅಂಗಡಿಯಲ್ಲಿ ಕೆಲಸಕ್ಕಿರುವಳು. ನಾವು ಉತ್ತರ ಕೊಡುವುದರೊಳಗೆ ಆಕೆಯು ಉಡಿಯಿಂದ ಮೊಬೈಲು ತೆಗೆದು ಮಗಳಿಗೆ ಮಾಡಿದಳು. ಆ ಕಡೆ ಎತ್ತಲಿಲ್ಲ. ಮತ್ತೆ ಮಾಡಿದಳು. ಕಾಗದವು ನಿಜವಲ್ಲವೆಂದು ನಾವೂ ಹುಡುಗರೂ ಒಟ್ಟಿಗೆ ಹೇಳತೊಡಗಿದರೂ ಆಕೆಯ ಕಿವಿಗೆ ಹೋದಂತೆ ಕಾಣಲಿಲ್ಲ. ಮಗಳು ಗಿರಾಕಿಗಳ ನಡುವೆ ಇದ್ದಳೆಂದು ತಿಳಿದು ಆಕೆಯು ಉಸಿರು ಬಿಡುವುದರೊಳಗೆ ಕಾಲು ತಾಸು ಕಳೆದಿತ್ತು. ಹಾಲು ಅಳೆಯುವಾಗ ಕೈ ನಡುಗಿ ಅರ್ಧ ಲೋಟ ಕಟ್ಟೆಯ ಮೇಲೆ ಚೆಲ್ಲಿತು. ಭಾವಚಿತ್ರದ ಹುಡುಗಿಯು ಅಲ್ಲಿಯೇ ಕುಳಿತಿದ್ದಳು. ಆಕೆಯು ಇವಳ ಮುಖವನ್ನು ನೋಡಿ, ಕಾಗದವನ್ನು ನೋಡಿ, “ಹಿಂಗ್ಯಾಕ ಮಾಡ್ತೀರಿ ತಂಗಿ” ಎಂದಷ್ಟೇ ಹೇಳಿ ಹೋದಳು.

ನಮ್ಮ ಹುಡುಗರು ಈ ಯುಕ್ತಿಯನ್ನು ತಾವೇ ಕಂಡುಹಿಡಿದವರಲ್ಲ. ಅಮೆರಿಕೆಯ ಫ್ಲಾರಿಡಾ ಪ್ರಾಂತದ ಒಂದು ವಿಶ್ವವಿದ್ಯಾಲಯದಲ್ಲಿ ಚಿತ್ರಕಲೆಯನ್ನಲ್ಲ, ಚಲಚ್ಚಿತ್ರವನ್ನು ಓದಿದ್ದ ಇಬ್ಬರು ತರುಣರು 1997ರಲ್ಲಿ ಎಂಟು ದಿನಗಳಲ್ಲಿ ಅಡವಿಯೊಳಗೆ ತೆಗೆದ ‘ದಿ ಬ್ಲೇರ್ ವಿಚ್ ಪ್ರಾಜೆಕ್ಟ್’ ಎಂಬ ಚಿತ್ರವು 1999ರಲ್ಲಿ ಹೊರಬಂದಿತು. ಮೂವರು ವಿದ್ಯಾರ್ಥಿಗಳು ಕಾಣೆಯಾದರು, ಅವರ ಚಿತ್ರಸುರುಳಿ ಮಾತ್ರ ಸಿಕ್ಕಿತು ಎಂದು ಹೇಳಿ, ಕಾಣೆಯಾದವರ ಕಾಗದಗಳನ್ನೇ ಹಂಚಿದರು. ಅತ್ಯಲ್ಪ ವೆಚ್ಚದ ಆ ಚಿತ್ರವು ಸುಮಾರು 25 ಕೋಟಿ ಡಾಲರುಗಳನ್ನು ಗಳಿಸಿತು. ನಟಿಯ ತಾಯಿಗೆ ಮಾತ್ರ ಅಪರಿಚಿತರಿಂದ ಸಂತಾಪದ ಪತ್ರಗಳು ಬಂದವು, ಮಗಳು ಜೀವಂತವಾಗಿದ್ದಳು! ನಟರು ಮೂವರೂ ತಮಗೆ ಸಲ್ಲಬೇಕಾದ ಪಾಲಿಗಾಗಿ 2024ರಲ್ಲಿಯೂ ಬಹಿರಂಗ ಪತ್ರ ಬರೆಯಬೇಕಾಯಿತು. ಈ ಕಡೆಯ ಸಂಗತಿಯನ್ನು ಕೇಳಿದ ಕೂಡಲೆ ಲೆಕ್ಕದ ಪುಸ್ತಕದ ಹುಡುಗನು ಗಳಿಕೆ ಬಂದರೆ ಯಾರಿಗೆಷ್ಟು ಎಂಬುದನ್ನು ಒಂದು ಪುಟದಲ್ಲಿ ಬರೆದು ಎಲ್ಲರ ಸಹಿ ಹಾಕಿಸಿದನು. ಕನ್ನಡದಲ್ಲಿಯೂ 2013ರಲ್ಲಿ ಬಂದ ‘6-5=2’ ಎಂಬ ಚಿತ್ರವು, ಬೆಟ್ಟ ಹತ್ತಲು ಹೋದ ಗೆಳೆಯರಿಂದ ದೊರೆತ ದೃಶ್ಯಗಳೆಂಬಂತೆ ತನ್ನನ್ನು ತೋರಿಸಿಕೊಂಡಿತು. ಆದರೆ ಅದನ್ನು ನೋಡುವವನು ಚೀಟಿ ಕೊಂಡು ಮಂದಿರದೊಳಗೆ ಕುಳಿತಿದ್ದನೆಂಬುದನ್ನು ಮರೆಯಲಾಗದು.

ಇಲ್ಲಿಯೇ ನಮ್ಮ ತಕರಾರು. ಶಾಕುಂತಲದ ಮೊದಲನೆಯ ಅಂಕದಲ್ಲಿ ದುಷ್ಯಂತನ ಬಾಣಕ್ಕೆ ಹೆದರಿ ಕತ್ತು ತಿರುಹಿ ಓಡುವ ಜಿಂಕೆಯನ್ನು ತೆಗೆದುಕೊಂಡು ಅಭಿನವಗುಪ್ತನು ಭಯಾನಕ ರಸವನ್ನು ವಿವರಿಸುವನು. ನೋಡುವವನು ಭಯವನ್ನು ಸವಿಯುತ್ತಾನೆ, ಏಕೆಂದರೆ ಆ ಭಯವು ಅವನದೂ ಅಲ್ಲ, ಈ ಹೊತ್ತಿನದೂ ಅಲ್ಲ. “ನಾನು ಹೆದರಿದ್ದೇನೆ, ಇವನು ನನ್ನ ಶತ್ರು” ಎಂಬ ಬುದ್ಧಿ ಅಲ್ಲಿಲ್ಲ. ಆ ಬುದ್ಧಿ ಹುಟ್ಟಿದೊಡನೆ ರಸ ಹೋಗಿ ಬರಿಯ ಹೆದರಿಕೆ ಉಳಿಯುವುದು. ಹಾಲಿನವಳು ಯಾವ ರಸವನ್ನು ಸವಿದಳು?

“ಎರಡ ದಿನಾ ಅಷ್ಟ ಅಲ್ರೀ ಮಾಸ್ತರ್ರ, ಆಮ್ಯಾಲೆ ನಾವ ಹೇಳ್ತೀವಲ್ಲ” ಎಂದು ಕಥೆ ಬರೆದ ಹುಡುಗನು ವಾದಿಸಿದನು. ಅವನು ಜಾಣ, ನಾವು ಅವನಿಗೆ 2018ರ ಸಂಗತಿಯನ್ನು ಹೇಳಿದೆವು. ಕರಾಚಿಯಲ್ಲಿ ಮಕ್ಕಳ ರಕ್ಷಣೆಯ ಸಂಸ್ಥೆಯೊಂದಕ್ಕಾಗಿ ಒಂದು ಕಿರುಚಿತ್ರವನ್ನು ತೆಗೆದಿದ್ದರು. ಬೈಕಿನ ಮೇಲೆ ಬಂದ ಇಬ್ಬರು ಆಡುವ ಮಗುವನ್ನು ಎತ್ತಿಕೊಂಡು ಹೋಗುತ್ತಾರೆ. ಕೊನೆಯಲ್ಲಿ ಮಗುವನ್ನು ಮರಳಿ ತಂದುಬಿಟ್ಟು, ಮಗುವನ್ನು ಕದಿಯಲು ಕ್ಷಣ ಸಾಕೆಂಬ ಎಚ್ಚರಿಕೆಯನ್ನು ಹಿಡಿದು ತೋರಿಸುತ್ತಾರೆ. ಮಾಡಿದವರು ಮುಚ್ಚಿಟ್ಟದ್ದು ಏನೂ ಇರಲಿಲ್ಲ. ಆದರೆ ಯಾರೋ ಆ ಕೊನೆಯನ್ನು ಕತ್ತರಿಸಿ, ಉಳಿದುದನ್ನು ವಾಟ್ಸ್‌ಆ್ಯಪಿನಲ್ಲಿ ನಮ್ಮ ದೇಶದ ತುಂಬ ಹರಿಯಬಿಟ್ಟರು. ಮಕ್ಕಳ ಕಳ್ಳರು ಬಂದಿರುವರೆಂಬ ಗುಲ್ಲೆದ್ದಿತು. ಆ ವರ್ಷದ ಮೇ ತಿಂಗಳಲ್ಲಿ ಬೆಂಗಳೂರಿನ ಚಾಮರಾಜಪೇಟೆಯಲ್ಲಿ ಇಂಥದೇ ಗುಲ್ಲಿಗೆ ಒಬ್ಬ ಪರಸ್ಥಳದವನನ್ನು ಜನರು ಹೊಡೆದು ಕೊಂದರು. ಜುಲೈಯಲ್ಲಿ ಬೀದರ ಜಿಲ್ಲೆಯ ಮುರ್ಕಿಯ ಬಳಿ, ಹೈದರಾಬಾದಿನಿಂದ ಬಂದು ದಾರಿಯಲ್ಲಿ ಮಕ್ಕಳಿಗೆ ಚಾಕೊಲೇಟು ಕೊಟ್ಟ ಗೆಳೆಯರ ಮೇಲೆ ಬಿದ್ದರು. ಒಬ್ಬ ಎಂಜಿನಿಯರನು ಸತ್ತನು. ಬಳಿಕ ಆ ವಾಟ್ಸ್‌ಆ್ಯಪಿನವರು ಒಂದು ಸಂದೇಶವನ್ನು ನಮ್ಮ ದೇಶದಲ್ಲಿ ಒಮ್ಮೆಗೆ ಐದು ಕಡೆಗಿಂತ ಹೆಚ್ಚು ಮುಂದೂಡದಂತೆ ಕಟ್ಟು ಹಾಕಿದರು. ಸತ್ಯವನ್ನು ಕೊನೆಯಲ್ಲಿ ಹೇಳಿದ ಚಿತ್ರದ ಗತಿಯೇ ಹೀಗಾದರೆ, ಎರಡು ದಿನ ತಡೆದು ಹೇಳುವ ಸತ್ಯವು ಯಾರ ಬೆನ್ನು ಹತ್ತೀತು? ಗೋಡೆಯ ಕಾಗದವನ್ನು ಹರಿಯಬಹುದು. ಮೊಬೈಲಿಗೆ ಹೋದ ಹುಡುಗಿಯ ಭಾವಚಿತ್ರವನ್ನು ಯಾವ ಬಾಗಿಲಿಗೆ ಹೋಗಿ ತಿರುಗಿ ಬೇಡುವುದು?

“ಮನೆಯಲ್ಲಿ ಹೇಳಿರುವೆಯೇನಮ್ಮಾ?” ಎಂದು ಆ ಹುಡುಗಿಯನ್ನು ಕೇಳಿದೆವು. “ಇನ್ನೂ ಇಲ್ಲರಿ” ಎಂದು ತಲೆ ತಗ್ಗಿಸಿದಳು. ಕಾಗದವನ್ನು ನಮ್ಮ ಕೈಯಿಂದ ತೆಗೆದುಕೊಂಡು ನಾಲ್ಕಾಗಿ ಮಡಿಸಿ ಚೀಲಕ್ಕೆ ಹಾಕಿದವಳೂ ಅವಳೇ. ಕಥೆ ಬರೆದವನು ಮಾತ್ರ ಪೂರ್ತಿ ಒಪ್ಪಿದನೆಂದು ನಾವು ಹೇಳಲಾರೆವು. “ಚಿತ್ರ ಅಂತ ಹೇಳಿದರ ಯಾರ ತಿರುಗಿ ನೋಡ್ತಾರ್ರಿ?” ಎಂಬುದು ಅವನ ದುಃಖ, ಆ ದುಃಖವು ಸುಳ್ಳಲ್ಲ.

ಆದರೆ ಸುಳ್ಳು ಹೇಳದೆ ಜನರನ್ನು ತಿರುಗಿಸಿದವರು ನಮ್ಮ ಊರಿನಲ್ಲಿಯೇ ಇದ್ದರು. ಗರುಡ ಸದಾಶಿವರಾಯರ ದತ್ತಾತ್ರೇಯ ನಾಟಕ ಮಂಡಳಿಯು ಗದುಗಿನದು. ವೀರೇಶ್ವರ ಪುಣ್ಯಾಶ್ರಮದ ಪುಟ್ಟರಾಜ ಗವಾಯಿಗಳು ತಾವೇ ನಾಟಕ ಬರೆದು, ಆಶ್ರಮದ ನಾಟಕ ಸಂಘದಿಂದ ಊರೂರಿನಲ್ಲಿ ಆಡಿಸಿ, ಅಂಧ ವಿದ್ಯಾರ್ಥಿಗಳ ಅನ್ನಕ್ಕೆ ದಾರಿ ಮಾಡಿದರು. ನಾವು ಹುಡುಗರಾಗಿದ್ದಾಗ ಕಂಪನಿಯ ಗಾಡಿ ಬಂದಿತೆಂದರೆ ಗುಲಾಬಿ ಬಣ್ಣದ ಹಸ್ತಪತ್ರಿಕೆಗಾಗಿ ಅದರ ಬೆನ್ನು ಹತ್ತಿ ಓಡುತ್ತಿದ್ದೆವು. ಅದರಲ್ಲಿ ಅತಿಶಯೋಕ್ತಿಗೆ ಬರವಿರಲಿಲ್ಲ. ಆದರೂ ಅದು ನಾಟಕದ ಕಾಗದವೆಂಬುದನ್ನು ಎಳೆಗೂಸೂ ಬಲ್ಲದು. ಕತ್ತಲೆಯ ದೃಶ್ಯದಲ್ಲಿ ನಮ್ಮ ಅವ್ವನು ನಮ್ಮ ಕಣ್ಣು ಮುಚ್ಚಿ, ತಾನು ಬೆರಳ ಸಂದಿಯಿಂದ ನೋಡುತ್ತಿದ್ದಳು.

ಧ್ವನಿಯ ಹುಡುಗಿಯೇ ಉಪಾಯ ಹೇಳಿದಳು. ಮೊದಲು ಪ್ರಾಚಾರ್ಯರ ಅಪ್ಪಣೆ ಪಡೆದು, ಕಾಲೇಜಿನ ಪಡಸಾಲೆಯಲ್ಲಿ ಒಂದು ಹಳೆಯ ಬಾಗಿಲನ್ನು ನಿಲ್ಲಿಸಿ ಬೀಗ ಹಾಕುವುದು. ಹಿಂದೆ ಒಂದು ಸಣ್ಣ ಪೆಟ್ಟಿಗೆಯಿಂದ ಮಗ್ಗದ ಸಪ್ಪಳ ಬಿಟ್ಟುಬಿಟ್ಟು ಕೇಳಿಸುವಂತೆ ಮಾಡುವುದು. ಬಾಗಿಲಿನ ಮೇಲೆ ಚಿತ್ರದ ಹೆಸರು, ಪ್ರದರ್ಶನದ ದಿನ, ‘ವಿದ್ಯಾರ್ಥಿಗಳು ತೆಗೆದ ಕಥಾಚಿತ್ರ’ ಎಂಬ ಸಾಲು ದಪ್ಪ ಅಕ್ಷರದಲ್ಲಿ. ಹಸ್ತಪತ್ರಿಕೆಯೂ ಅದೇ ಬಾಗಿಲಿನ ಚಿತ್ರದ್ದು, ಗುಲಾಬಿ ಕಾಗದದ ಮೇಲೆ, ನಮ್ಮೂರಿನ ಮುದ್ರಣಾಲಯದಲ್ಲಿಯೇ. ಮೊಬೈಲಿಗೆ ಕಳುಹಿಸುವ ತುಣುಕಿನಲ್ಲಿ ಆ ಸಾಲು ಕೊನೆಗಿರದೆ ಮೊದಲಿನಿಂದ ತುದಿಯವರೆಗೆ ಮೂಲೆಯಲ್ಲಿ ನಿಂತೇ ಇರತಕ್ಕದ್ದೆಂದು, ಕಥೆ ಬರೆದ ಹುಡುಗನೇ ಗೊಣಗುತ್ತ ಪುಸ್ತಕದಲ್ಲಿ ಬರೆದನು. ಕತ್ತರಿಸಿದರೂ ಹೋಗಬಾರದಲ್ಲವೇ.

ಮರುದಿನ ಹಾಲಿನವಳಿಗೆ ಇದನ್ನೆಲ್ಲ ತಿಳಿಸಲಾಗಿ, ಆಕೆಯು, “ಮಗ್ಗದ ದೆವ್ವ ಅಂದ್ರ ಹೆಂಗಸೋ ಗಂಡಸೋ?” ಎಂದು ಕೇಳಿದಳು. ನಾವು ಹುಡುಗರನ್ನು ಕೇಳಿ ಹೇಳುವೆವೆಂದೆವು. ಅವರಲ್ಲಿ ಈ ಕುರಿತು ಇನ್ನೂ ಒಮ್ಮತವಿಲ್ಲವಂತೆ.

ಒಂದು ಕೊರತೆ ಉಳಿದಿದೆ. ನಿಜವಾದ ಮಗ್ಗದ ಸಪ್ಪಳವನ್ನೇ ಹಿಡಿಯಬೇಕೆಂದು ಅವರ ಹಟ. ಕೇಳಿದ ಎರಡು ಮನೆಗಳವರು ದೆವ್ವದ ಕಥೆಯೆಂದು ತಿಳಿದ ಕೂಡಲೆ ಬಾಗಿಲು ಹಾಕಿಕೊಂಡರು. ಬೆಟಗೇರಿಯ ಕಡೆಯ ನಮ್ಮ ವಾಚಕರಲ್ಲಿ ಯಾರ ಮನೆಯಲ್ಲಾದರೂ ಕುಣಿಮಗ್ಗವು ಇನ್ನೂ ನಡೆಯುವ ಸ್ಥಿತಿಯಲ್ಲಿದ್ದು, ಒಂದು ರಾತ್ರಿ ನೇಯಲು ಕೈ ಬಲ್ಲ ಹಿರಿಯರೂ ಇದ್ದರೆ, ಈ ಪತ್ರಿಕೆಯ ಕಾರ್ಯಾಲಯಕ್ಕೆ ಒಂದು ಸಾಲು ಬರೆಯಬೇಕಾಗಿ ಪ್ರಾರ್ಥನೆ. ನೇಯ್ದವರಿಗೆ ಕೂಲಿಯನ್ನು ಲೆಕ್ಕದ ಪುಸ್ತಕದಲ್ಲಿ ಮೊದಲೇ ತೆಗೆದಿಟ್ಟಿರುವರು.