ಜೇಬಿನ ಚಾಕು: ಆಯ್ಕೆ ನಮ್ಮದು, ಅಳತೆ ಯಾರದು?

ಮನೆಯಿಂದ ಹೊರಡುವಾಗ ಜೇಬಿನಲ್ಲಿ ಏನೇನು ಇರಬೇಕು ಎಂಬುದು ಒಂದು ಕಾಲಕ್ಕೆ ಚರ್ಚೆಯ ವಿಷಯವೇ ಆಗಿರಲಿಲ್ಲ. ಈಗ ಮಣಿಪಾಲದ ವಿದ್ಯಾರ್ಥಿಯಿಂದ ಹಿಡಿದು ಬೆಂಗಳೂರಿನ ಸಾಫ್ಟ್‌ವೇರ್ ಉದ್ಯೋಗಿಯವರೆಗೆ ಹಲವರು ಈ ಪ್ರಶ್ನೆಯನ್ನು ಗಂಭೀರವಾಗಿ ಕೇಳಿಕೊಳ್ಳುತ್ತಿದ್ದಾರೆ. ಚಾಕು, ಕತ್ತರಿ, ಸ್ಕ್ರೂಡ್ರೈವರ್, ಇಕ್ಕಳ ಇವೆಲ್ಲವನ್ನೂ ಮಡಚಿ ಒಂದೇ ಹಿಡಿಯೊಳಗೆ ಅಡಗಿಸಿದ ಬಹುಪಯೋಗಿ ಚಾಕುಗಳು ಮೊಬೈಲಿನಲ್ಲಿ ಆಯ್ದು ತರಿಸಿಕೊಳ್ಳುವ ವಸ್ತುಗಳಾಗಿವೆ. ಇದು ಕೇವಲ ಶೋಕಿಯ ಮಾತಲ್ಲವೇ, ಪತ್ರಿಕೆಯ ಪುಟದಲ್ಲಿ ಇದಕ್ಕೇನು ಸ್ಥಾನ ಎಂದು ಓದುಗರು ಕೇಳಬಹುದು. ಆದರೆ ಈ ಪುಟ್ಟ ಆಯ್ಕೆಯೊಳಗೆ ಅರ್ಥಶಾಸ್ತ್ರದ ಒಂದು ಪಾಠವಿದೆ. ಉಪಕರಣ ಯಾವುದು, ಆಯುಧ ಯಾವುದು ಎಂಬ ಕಾನೂನಿನ ಪ್ರಶ್ನೆಯೂ ಇದೆ. ‘ಚೂರಿ ಇರಿತ’ ಎಂಬ ಶೀರ್ಷಿಕೆಯನ್ನು ಪದೇ ಪದೇ ಓದಬೇಕಾಗಿ ಬಂದಿರುವ ಕರಾವಳಿಯ ಮಟ್ಟಿಗಂತೂ ಇದು ಉದಾಸೀನ ಮಾಡತಕ್ಕ ವಿಷಯವಲ್ಲ.

ಅಲಗನ್ನು ಮೈಮೇಲೆ ಇಟ್ಟುಕೊಂಡು ಓಡಾಡುವುದು ನಮ್ಮ ಸೀಮೆಗೆ ಹೊಸತೇನೂ ಅಲ್ಲ. ಕಾಪುವಿನ ಆಸುಪಾಸಿನ ಹಳ್ಳಿಗಳಲ್ಲಿ ಹಿರಿಯರ ಎಲೆ-ಅಡಿಕೆಯ ಚೀಲದಲ್ಲಿ ಸುಣ್ಣದ ಡಬ್ಬಿಯ ಜೊತೆಗೆ ಅಡಕತ್ತರಿ ಇದ್ದೇ ಇರುತ್ತಿತ್ತು. ಶೇಂದಿ ಇಳಿಸುವ ಮೂರ್ತೆದಾರನ ಸೊಂಟದಲ್ಲಿ ಕತ್ತಿ ತೂಗುತ್ತಿತ್ತು. ಬಲೆ ಹೆಣೆದು ದುರಸ್ತಿ ಮಾಡುವ ಮೊಗವೀರರ ಕೈಯಳತೆಯಲ್ಲಿ ಹಗ್ಗ ಕೊಯ್ಯುವ ಚಾಕು ಇರುತ್ತಿತ್ತು. ತುಳುವಿನ ಬೀಸತ್ತಿಯಾಗಲಿ ಕೊಡಗಿನ ಪೀಚೆಕತ್ತಿಯಾಗಲಿ ಯಾರನ್ನೂ ಬೆಚ್ಚಿಬೀಳಿಸುತ್ತಿರಲಿಲ್ಲ. ಸರ್ಕಾರಿ ಕಚೇರಿಗಳೂ ಇದಕ್ಕೆ ಹೊರತಾಗಿರಲಿಲ್ಲ. ಪೆನ್ಸಿಲ್ ಹೆರೆಯುವ ಪುಟ್ಟ ಚಾಕು ಮತ್ತು ಕಡತಕ್ಕೆ ದಾರ ಪೋಣಿಸುವ ದಬ್ಬಣ ಗುಮಾಸ್ತರ ಮೇಜಿನ ಮೇಲೆ ಇರುತ್ತಿದ್ದವು. ಇವೆಲ್ಲವುಗಳಲ್ಲಿ ಒಂದು ಸಾಮ್ಯವಿತ್ತು: ಉಪಕರಣವನ್ನು ಕಂಡೊಡನೆ ಅದನ್ನು ಹಿಡಿದವನ ಕಸುಬು ತಿಳಿಯುತ್ತಿತ್ತು. ಕತ್ತಿ ಯಾಕೆ ಎಂದು ಯಾರೂ ಕೇಳದೇ ಇದ್ದುದಕ್ಕೆ ಅದೇ ಕಾರಣ.

ಬಹುಪಯೋಗಿ ಚಾಕು ಹುಟ್ಟಿದ್ದೂ ಕಸುಬಿನ ಅಗತ್ಯದಿಂದಲೇ. ಹತ್ತೊಂಬತ್ತನೇ ಶತಮಾನದ ಕೊನೆಯಲ್ಲಿ ಸ್ವಿಟ್ಜರ್ಲೆಂಡಿನ ಸೈನಿಕನಿಗೆ ಹೊಸ ರೈಫಲನ್ನು ಬಿಚ್ಚಿ ಸ್ವಚ್ಛಗೊಳಿಸಲು ಸ್ಕ್ರೂಡ್ರೈವರ್ ಬೇಕಿತ್ತು, ಡಬ್ಬಿಯ ಆಹಾರ ತೆರೆಯಲು ಒಂದು ಸಾಧನ ಬೇಕಿತ್ತು. ಇವುಗಳ ಜೊತೆಗೆ ಒಂದು ಅಲಗು ಮತ್ತು ಒಂದು ದಬ್ಬಣ ಸೇರಿ ಸೈನಿಕ ಚಾಕು ರೂಪುಗೊಂಡಿತು. ಈಬಾಖ್ ಎಂಬ ಊರಿನಲ್ಲಿ 1884ರಲ್ಲಿ ಕಾರ್ಯಾಗಾರ ತೆರೆದಿದ್ದ ಕಾರ್ಲ್ ಎಲ್ಸನರ್ 1891ರಲ್ಲಿ ಈ ಚಾಕುಗಳನ್ನು ಸೇನೆಗೆ ಪೂರೈಸತೊಡಗಿದರು. 1897ರಲ್ಲಿ ಎರಡನೆಯ ಅಲಗು ಮತ್ತು ಸೀಸೆಯ ಬಿರಡೆ ಕೀಳುವ ತಿರುಪು ಸೇರಿದ ಹಗುರ ಚಾಕುವನ್ನು ನೋಂದಾಯಿಸಿದರು. ಇಂದು ವಿಕ್ಟೋರಿನಾಕ್ಸ್ ಎಂದು ಜಗತ್ತು ಬಲ್ಲ ಸಂಸ್ಥೆಯ ಮೂಲ ಇದು. ಇಕ್ಕಳವನ್ನೇ ಕೇಂದ್ರವಾಗಿಸಿಕೊಂಡ ಇನ್ನೊಂದು ಬಗೆ ಅಮೆರಿಕದ್ದು. 1975ರಲ್ಲಿ ಹಳೆಯ ಫಿಯೆಟ್ ಕಾರಿನಲ್ಲಿ ಯುರೋಪ್ ಮತ್ತು ಪಶ್ಚಿಮ ಏಷ್ಯಾ ಸುತ್ತಿದ ಟಿಮ್ ಲೆದರ್‌ಮನ್, ಕೆಡುತ್ತಲೇ ಇದ್ದ ಕಾರು ಮತ್ತು ಸೋರುವ ನಲ್ಲಿಗಳ ಮುಂದೆ ಬರಿಯ ಚಾಕು ಸಾಲದೆಂದು ಕಂಡುಕೊಂಡರು. ಅವರ ಮೊದಲ ಉಪಕರಣ ಮಾರುಕಟ್ಟೆಗೆ ಬಂದದ್ದು 1983ರಲ್ಲಿ.

ಅರ್ಥಶಾಸ್ತ್ರದ ವಿದ್ಯಾರ್ಥಿಗೆ ಇಲ್ಲೊಂದು ವಿಚಿತ್ರ ಕಾಣುತ್ತದೆ. ಆಡಂ ಸ್ಮಿತ್ 1776ರಲ್ಲಿ ಗುಂಡುಸೂಜಿ ಕಾರ್ಖಾನೆಯ ಉದಾಹರಣೆ ಕೊಟ್ಟು ಶ್ರಮವಿಭಜನೆಯನ್ನು ಕೊಂಡಾಡಿದ. ಬಹುಪಯೋಗಿ ಚಾಕು ಆ ತತ್ತ್ವಕ್ಕೆ ಪೂರ್ತಿ ತದ್ವಿರುದ್ಧ. ಇದರೊಳಗಿನ ಕತ್ತರಿ ದರ್ಜಿಯ ಕತ್ತರಿಗೆ ಸಮನಲ್ಲ. ಸ್ಕ್ರೂಡ್ರೈವರ್ ಮೆಕ್ಯಾನಿಕನ ಸ್ಕ್ರೂಡ್ರೈವರಿಗೆ ಸಮನಲ್ಲ. ಪ್ರತಿಯೊಂದೂ ಎರಡನೇ ದರ್ಜೆಯದೇ. ಹಾಗಿದ್ದೂ ಜನ ಕೊಳ್ಳುತ್ತಾರೆ, ಏಕೆಂದರೆ ಮನೆಯ ಕಪಾಟಿನಲ್ಲಿರುವ ಉತ್ತಮ ಉಪಕರಣಕ್ಕಿಂತ ಬೇಕಾದ ಗಳಿಗೆಯಲ್ಲಿ ಕೈಗೆ ಸಿಗುವ ಸಾಧಾರಣ ಉಪಕರಣದ ಬೆಲೆ ಹೆಚ್ಚು. ನಾವು ಕೊಳ್ಳುವುದು ಹರಿತವನ್ನಲ್ಲ, ಲಭ್ಯತೆಯನ್ನು. ಇದೊಂದು ಬಗೆಯ ವಿಮೆ. ಅದರ ಕಂತನ್ನು ನಾವು ತೂಕದ ರೂಪದಲ್ಲಿ ದಿನವೂ ಕಟ್ಟುತ್ತೇವೆ.

ಇದನ್ನು ಒಪ್ಪಿದರೆ ಆಯ್ಕೆಯ ಸೂತ್ರ ತಾನಾಗಿಯೇ ಹೊಳೆಯುತ್ತದೆ. ಮೊದಲ ಅಲಗಿನಿಂದ ಸಿಗುವ ಪ್ರಯೋಜನ ದೊಡ್ಡದು, ಎರಡನೆಯದರಿಂದ ಅಲ್ಪ, ಮೂರನೆಯದರಿಂದ ಶೂನ್ಯ. ತೂಕ ಮಾತ್ರ ಸಮನಾಗಿ ಏರುತ್ತಲೇ ಹೋಗುತ್ತದೆ. ವೆಂಗರ್ ಎಂಬ ಸ್ವಿಸ್ ಸಂಸ್ಥೆ 2006ರಲ್ಲಿ 87 ಉಪಕರಣಗಳ, 141 ಬಗೆಯ ಕೆಲಸ ಮಾಡುವ ಚಾಕುವನ್ನೇ ಮಾಡಿ ತೋರಿಸಿತು. ಅದು ಪ್ರದರ್ಶನಕ್ಕೆ ಸರಿ. ಯಾವ ಜೇಬಿಗೂ ಹಿಡಿಸದು. ಜೇಬಿನಲ್ಲಿ ಭಾರವಾಗುವ ಚಾಕು ನಾಲ್ಕೇ ದಿನಕ್ಕೆ ಮೇಜಿನ ಡ್ರಾಯರ್ ಸೇರುತ್ತದೆ. ಡ್ರಾಯರಿನಲ್ಲಿರುವ ಬಹುಪಯೋಗಿ ಚಾಕುವಿನಿಂದ ಒಂದು ಉಪಯೋಗವೂ ಇಲ್ಲ.

ಹಾಗಾದರೆ ನಮ್ಮ ಕಡೆಯವರಿಗೆ ನಿಜವಾಗಿ ಬೇಕಾದದ್ದೇನು? ಒಂದು ವಾರ ಗಮನಿಸಿದರೆ ಉತ್ತರ ಸಿಗುತ್ತದೆ. ಕೊರಿಯರ್ ಪೊಟ್ಟಣ ತೆರೆಯುವುದು, ಮಾತ್ರೆಯ ಪಟ್ಟಿ ಕತ್ತರಿಸುವುದು, ಹಾಲಿನ ತೊಟ್ಟೆಯ ತುದಿ ಕೊಯ್ಯುವುದು, ಚರ್ಮಕ್ಕೆ ಚುಚ್ಚಿದ ಮುಳ್ಳು ತೆಗೆಯುವುದು, ಕನ್ನಡಕದ ಸಡಿಲ ತಿರುಪು ಬಿಗಿಗೊಳಿಸುವುದು, ಮುಂಬಯಿಯ ರೈಲಿನಲ್ಲಿ ಮಾವಿನಹಣ್ಣು ಹೆಚ್ಚುವುದು. ಇಷ್ಟಕ್ಕೆ ಒಂದು ಸಣ್ಣ ಅಲಗು, ಒಂದು ಕತ್ತರಿ, ಒಂದು ಚಿಮಟ, ಒಂದು ಸ್ಕ್ರೂಡ್ರೈವರ್ ಧಾರಾಳ ಸಾಕು. ಹಿರಿಯರಿಗಂತೂ ಅಲಗಿಗಿಂತ ಕತ್ತರಿಯ ಉಪಯೋಗವೇ ಹೆಚ್ಚು. ಬಿರಡೆ ಕೀಳುವ ತಿರುಪಿಗಾಗಿ ಇಲ್ಲಿ ಹಣ ತೆರಬೇಕಾದವರು ವಿರಳ. ಎಳನೀರಿಗೆ ಕತ್ತಿಯೇ ಬೇಕು, ಅಡಿಕೆಗೆ ಅಡಕತ್ತರಿಯೇ ಬೇಕು. ಜೇಬಿನ ಚಾಕುವಿನಿಂದ ಅವನ್ನು ಸಾಧಿಸಲು ಹೊರಟರೆ ಕೊಯ್ಯುವುದು ಬೆರಳೇ. ಸ್ಕೂಟರಿನಲ್ಲಿ ದೂರ ಓಡಾಡುವವರು, ವಿದ್ಯುತ್ ಕೆಲಸದವರು, ದೋಣಿಯವರು ಇಕ್ಕಳವಿರುವ ಬಗೆಯನ್ನು ಆರಿಸಿಕೊಳ್ಳುವುದು ನ್ಯಾಯ. ಆದರೆ ಅದರ ಜಾಗ ಜೇಬಲ್ಲ, ಚೀಲ. ವಿದ್ಯುತ್ ಹರಿಯುತ್ತಿರುವ ತಂತಿಯನ್ನು ಮಾತ್ರ ಇಂಥ ಲೋಹದ ಹಿಡಿಯ ಇಕ್ಕಳದಿಂದ ಮುಟ್ಟಲೇಬಾರದು.

ಇನ್ನೊಂದು ಸ್ಥಳೀಯ ಸಂಗತಿ ಉಪ್ಪುಗಾಳಿ. 1901ರಿಂದ ಬೆಳಕು ತೋರುತ್ತಿರುವ ಕಾಪುವಿನ ದೀಪಸ್ತಂಭದ ಸುತ್ತಮುತ್ತ ವಾಸಿಸುವವರಿಗೆ ಕಬ್ಬಿಣಕ್ಕೆ ಈ ಗಾಳಿ ಏನು ಮಾಡುತ್ತದೆಂದು ಹೇಳಬೇಕಿಲ್ಲ. ಕಿಟಕಿಯ ಸರಳುಗಳೇ ಸಾಕ್ಷಿ. ಹರಿತ ಚೆನ್ನಾಗಿ ಹಿಡಿಯುವ ಕಾರ್ಬನ್ ಉಕ್ಕು ಇಲ್ಲಿ ಒಂದು ಮಳೆಗಾಲದಲ್ಲೇ ತುಕ್ಕು ಹಿಡಿಯುತ್ತದೆ. ಕರಾವಳಿಯವರು ಸ್ಟೇನ್‌ಲೆಸ್ ಉಕ್ಕನ್ನೇ ಆರಿಸಬೇಕು. ಬಳಸಿದ ಮೇಲೆ ಸಿಹಿನೀರಿನಲ್ಲಿ ತೊಳೆದು, ಒರೆಸಿ, ಕೀಲಿಗೆ ಒಂದು ತೊಟ್ಟು ಎಣ್ಣೆ ಬಿಡಬೇಕು. ಬ್ರಾಂಡಿನ ಹೆಸರಿಗಿಂತ ಈ ಆರೈಕೆ ಮುಖ್ಯ.

ಇಷ್ಟು ಆಯ್ಕೆಯ ಮಾತು. ಇನ್ನು ಕಾನೂನಿನ ಮಾತು. 1959ರ ಶಸ್ತ್ರಾಸ್ತ್ರ ಕಾಯ್ದೆ ‘ಆಯುಧ’ವನ್ನು ವ್ಯಾಖ್ಯಾನಿಸುವಾಗ ಹರಿತವಾದ ಮಾರಕ ವಸ್ತುಗಳನ್ನು ಸೇರಿಸುತ್ತದೆ, ಆದರೆ ಕೇವಲ ಗೃಹಕೃತ್ಯಕ್ಕೆ ಅಥವಾ ಕೃಷಿಗೆಂದೇ ರೂಪಿಸಿದ ವಸ್ತುಗಳನ್ನು ಸ್ಪಷ್ಟವಾಗಿ ಹೊರಗಿಡುತ್ತದೆ. ಲಾಠಿ ಮತ್ತು ಸಾಮಾನ್ಯ ಊರುಗೋಲನ್ನು ಉದಾಹರಣೆಯಾಗಿ ಹೆಸರಿಸಿಯೂ ಇದೆ. ಕಾಯ್ದೆಯಡಿಯ ನಿಯಮಗಳು ಚಾಕುಗಳ ವಿಷಯದಲ್ಲಿ 9 ಅಂಗುಲ ಉದ್ದ ಅಥವಾ 2 ಅಂಗುಲ ಅಗಲವನ್ನು ಮೀರಿದ ಅಲಗು ಎಂಬ ಅಳತೆಯನ್ನು ಇಟ್ಟುಕೊಂಡಿವೆ. ಅಲ್ಲಿಯೂ ಗೃಹ, ಕೃಷಿ, ವೈಜ್ಞಾನಿಕ, ಕೈಗಾರಿಕಾ ಬಳಕೆಯವಕ್ಕೆ ವಿನಾಯಿತಿಯಿದೆ. ಸಂಪ್ರದಾಯವನ್ನೂ ನಮ್ಮ ಕಾನೂನು ಗೌರವಿಸಿದೆ. ಸಿಖ್ಖರ ಕಿರ್ಪಾಣಕ್ಕೆ ಸಂವಿಧಾನದ 25ನೇ ವಿಧಿಯ ವಿವರಣೆಯಲ್ಲೇ ಮನ್ನಣೆಯಿದೆ. ಕೊಡವರಿಗೂ ಜಮ್ಮಾ ಹಿಡುವಳಿದಾರರಿಗೂ ಕೋವಿಯ ಪರವಾನಗಿಯಿಂದ ಇರುವ ವಿನಾಯಿತಿಯನ್ನು ಕೇಂದ್ರ ಸರ್ಕಾರ 2019ರಲ್ಲಿ ಹತ್ತು ವರ್ಷಗಳಿಗೆ, ಅಂದರೆ 2029ರವರೆಗೆ, ಮುಂದುವರಿಸಿತು. ಉದ್ದೇಶವನ್ನು ನೋಡಿ ವಸ್ತುವನ್ನು ತೂಗುವ ವಿವೇಕ ನಮ್ಮ ಶಾಸನಕ್ಕೆ ಇಲ್ಲದೆ ಇಲ್ಲ.

ತೊಡಕು ಇರುವುದು ಉದ್ವಿಗ್ನ ದಿನಗಳಲ್ಲಿ. ಕರ್ನಾಟಕ ಪೊಲೀಸ್ ಕಾಯ್ದೆ 1963, ಹಿಂದಿನ ದಂಡ ಪ್ರಕ್ರಿಯಾ ಸಂಹಿತೆಯ 144ನೇ ಸೆಕ್ಷನ್, 2024ರ ಜುಲೈ 1ರಿಂದ ಅದರ ಸ್ಥಾನಕ್ಕೆ ಬಂದಿರುವ ನಾಗರಿಕ ಸುರಕ್ಷಾ ಸಂಹಿತೆಯ 163ನೇ ಸೆಕ್ಷನ್ ಇವುಗಳ ಅಡಿಯಲ್ಲಿ ನಿಷೇಧಾಜ್ಞೆ ಹೊರಡುತ್ತದೆ. ಸೇವೆಯಲ್ಲಿದ್ದಾಗ ಇಂಥ ಆಜ್ಞೆಗಳ ಕರಡನ್ನು ಹಲವು ಬಾರಿ ಓದಿದ್ದೇನೆ. ಕತ್ತಿ, ಭರ್ಜಿ, ದೊಣ್ಣೆ, ಚಾಕು ಎಂದು ಅವುಗಳ ಪಟ್ಟಿ ಸಾಗುತ್ತದೆ. ಅಳತೆಯ ಮಾತು ಸಾಮಾನ್ಯವಾಗಿ ಇರುವುದಿಲ್ಲ. ಒಂದು ಕಡೆ 9 ಅಂಗುಲದ ಉದಾರ ಮಿತಿ, ಇನ್ನೊಂದು ಕಡೆ ಚಾಕು ಎಂಬ ಹೆಸರಿನ ಎಲ್ಲಕ್ಕೂ ನಿಷೇಧ. ಇವೆರಡರ ನಡುವೆ ನಿರ್ಧಾರವೆಲ್ಲ ಚೆಕ್‌ಪೋಸ್ಟಿನಲ್ಲಿ ನಿಂತ ಕಾನ್‌ಸ್ಟೆಬಲ್‌ನ ವಿವೇಚನೆಗೆ ಬಿಟ್ಟದ್ದು. ಕೀಗೊಂಚಲಿಗೆ ಸಿಕ್ಕಿಸಿದ ಬೆರಳುದ್ದದ ಚಾಕು ಒಬ್ಬರ ಬಳಿ ಉಪಕರಣ, ಇನ್ನೊಬ್ಬರ ಬಳಿ ಮಾರಕಾಯುಧ. ಹಿಡಿದವನ ಹೆಸರು, ವಯಸ್ಸು, ಉಡುಪುಗಳ ಮೇಲೆ ವಸ್ತುವಿನ ಸ್ವಭಾವ ಬದಲಾಗುವುದಾದರೆ ಅದನ್ನು ಕಾನೂನು ಎನ್ನಲಾದೀತೇ?

ಅಳತೆ ಗೊತ್ತುಪಡಿಸುವುದು ಅಸಾಧ್ಯವೇನಲ್ಲ. ಬ್ರಿಟನ್ನಿನ 1988ರ ಕಾಯ್ದೆಯ ಪ್ರಕಾರ 3 ಅಂಗುಲ ಮೀರದ, ತೆರೆದಾಗ ಲಾಕ್ ಆಗದ ಮಡಚುವ ಚಾಕುವನ್ನು ಸಾರ್ವಜನಿಕ ಸ್ಥಳದಲ್ಲಿ ಒಯ್ಯಲು ಕಾರಣ ಕೊಡಬೇಕಿಲ್ಲ. ಅದಕ್ಕಿಂತ ದೊಡ್ಡದಕ್ಕೆ ಸಕಾರಣ ಬೇಕು. ಅದೇ ದೇಶದ ಇಂಗ್ಲೆಂಡ್ ಮತ್ತು ವೇಲ್ಸ್‌ನಲ್ಲಿ, ಭಯ ಹುಟ್ಟಿಸಲೆಂದೇ ಮಾಡಿದ ಉದ್ದನೆಯ ‘ಜೋಂಬಿ’ ಚಾಕುಗಳ ಮೇಲೆ 2024ರ ಸೆಪ್ಟೆಂಬರಿನಿಂದ ನಿಷೇಧವಿದೆ. ಚಿಕ್ಕದಕ್ಕೆ ಸಡಿಲ, ದೊಡ್ಡದಕ್ಕೆ ಬಿಗಿ. ನಮ್ಮಲ್ಲೇ ದೆಹಲಿಯ 1980ರ ಅಧಿಸೂಚನೆಯೊಂದು ಗುಂಡಿ ಒತ್ತಿದರೆ ಚಿಮ್ಮುವ ಬಗೆಯ ಚಾಕುಗಳ ತಯಾರಿಕೆ ಮತ್ತು ಮಾರಾಟವನ್ನು ನಿರ್ಬಂಧಿಸುವಾಗ 7.62 ಸೆಂಟಿಮೀಟರ್ ಉದ್ದ, 1.72 ಸೆಂಟಿಮೀಟರ್ ಅಗಲ ಎಂಬ ಖಚಿತ ಅಳತೆ ಇಟ್ಟಿತ್ತು. ಆ ಉದ್ದವೂ ಸರಿಯಾಗಿ 3 ಅಂಗುಲವೇ.

ಸಣ್ಣ ಚಾಕುವಿನಿಂದಲೂ ಜೀವ ತೆಗೆಯಬಹುದಲ್ಲವೇ ಎಂಬ ಆಕ್ಷೇಪ ಸಹಜವಾದದ್ದು, ಹಗುರವಾಗಿ ತಳ್ಳಿಹಾಕತಕ್ಕದ್ದಲ್ಲ. ಆದರೆ ಆ ವಾದವನ್ನು ಕೊನೆಯವರೆಗೆ ಒಯ್ದರೆ ಅಡುಗೆಮನೆಯೇ ಶಸ್ತ್ರಾಗಾರವಾಗುತ್ತದೆ. ಸ್ಪಷ್ಟ ಅಳತೆಯಿಂದ ಅಪರಾಧ ನಿಲ್ಲದು ನಿಜ. ಅಮಾಯಕನನ್ನೂ ಅಪಾಯಕಾರಿಯನ್ನೂ ಬೇರ್ಪಡಿಸುವ ವೆಚ್ಚ ಮಾತ್ರ ಖಂಡಿತ ತಗ್ಗುತ್ತದೆ. ಮಾತ್ರೆ ಕತ್ತರಿಸುವ ನಿವೃತ್ತ ಶಿಕ್ಷಕರನ್ನು ಪ್ರಶ್ನಿಸುವ ಹೊತ್ತಿನಲ್ಲಿ ಪೊಲೀಸರು ಬೈಕಿನ ಸೀಟಿನಡಿ ಅಡಗಿಸಿದ ತಲವಾರನ್ನು ಹುಡುಕಬಹುದು. ‘ಹಣ್ಣು ಕೊಯ್ಯಲು ಇಟ್ಟುಕೊಂಡಿದ್ದೆ’ ಎಂಬ ನೆಪವೂ ಉದ್ದನೆಯ ಚೂರಿಯವನಿಗೆ ಆಗ ದಕ್ಕುವುದಿಲ್ಲ.

ವಿಮಾನದ ಮಾತು ಬೇರೆ. ಅಮೆರಿಕವು 2013ರ ಮಾರ್ಚಿನಲ್ಲಿ 6 ಸೆಂಟಿಮೀಟರಿನೊಳಗಿನ ಚಾಕುಗಳನ್ನು ಕ್ಯಾಬಿನ್ನಿಗೆ ಬಿಡಲು ಹೊರಟು, ವಿಮಾನ ಸಿಬ್ಬಂದಿಯ ವಿರೋಧದಿಂದ ಜೂನಿನಲ್ಲಿ ಕೈಬಿಟ್ಟಿತು. ಮುಚ್ಚಿದ ಆ ಸ್ಥಳದಲ್ಲಿ ಕಟ್ಟುನಿಟ್ಟು ಸರಿಯೇ. ಬಜಪೆಯಿಂದ ಮುಂಬಯಿಗೋ ದುಬೈಗೋ ಹೊರಡುವವರು ಚಾಕುವನ್ನು ಚೆಕ್-ಇನ್ ಲಗೇಜಿಗೆ ಹಾಕಬೇಕು, ಇಳಿಯುವ ದೇಶದ ಕಾನೂನನ್ನೂ ಮೊದಲೇ ತಿಳಿದುಕೊಳ್ಳಬೇಕು. ಇಂಥ ನಿರ್ಬಂಧಗಳ ಒತ್ತಡ ಎಷ್ಟಿದೆಯೆಂದರೆ, ಅಲಗೇ ಇಲ್ಲದ ಬಹುಪಯೋಗಿ ಉಪಕರಣವನ್ನು ರೂಪಿಸುತ್ತಿರುವುದಾಗಿ 2024ರಲ್ಲಿ ವಿಕ್ಟೋರಿನಾಕ್ಸ್ ಸಂಸ್ಥೆಯೇ ಹೇಳಿತು.

ಸರ್ಕಾರ ಮಾಡಬೇಕಾದದ್ದು ಹೆಚ್ಚೇನಿಲ್ಲ. ಒಂದು, ನಿಷೇಧಾಜ್ಞೆಗಳಲ್ಲಿ ಅಲಗಿನ ಅಳತೆಯನ್ನು ನಮೂದಿಸಿ, 3 ಅಂಗುಲದೊಳಗಿನ, ಲಾಕ್ ಆಗದ ಮಡಚುವ ಚಾಕುವನ್ನು ಹೊರಗಿಡಬೇಕು. ಎರಡು, ಕಸುಬಿನ ಕತ್ತಿಗಳಿಗೆ ಕಾಯ್ದೆಯಲ್ಲೇ ಇರುವ ವಿನಾಯಿತಿಯನ್ನು ಆಜ್ಞೆಯ ಪಠ್ಯದಲ್ಲಿ ಮತ್ತೆ ಬರೆಯಬೇಕು. ತೋಟಕ್ಕೆ ಹೊರಟವನು ಕಾನೂನಿನ ಪುಸ್ತಕ ಹೊತ್ತು ತಿರುಗಲಾರ. ಮೂರು, ತಪಾಸಣೆಯ ಸ್ಥಳಗಳಲ್ಲಿ ತಡೆದ ಚಾಕುವನ್ನು ಕಸದ ಡಬ್ಬಿಗೆ ಎಸೆಯುವ ಬದಲು ರಸೀದಿ ಕೊಟ್ಟು ಇರಿಸಿಕೊಳ್ಳುವ ವ್ಯವಸ್ಥೆ ಬೇಕು. ಇವುಗಳಲ್ಲಿ ಮೊದಲ ಎರಡಕ್ಕೆ ಹೊಸ ಶಾಸನವೂ ಬೇಡ, ಬಜೆಟ್ಟಿನ ಹಣವೂ ಬೇಡ. ಜಿಲ್ಲಾಧಿಕಾರಿಗಳ ಕಚೇರಿಯಲ್ಲಿ ಕರಡಿನ ಎರಡು ಸಾಲು ಬದಲಾದರೆ ಸಾಕು.

ನಾಗರಿಕರ ಹೊಣೆಯೂ ಇದೆ. ಯುದ್ಧಭೂಮಿಯ ಹೆಸರು ಹೊತ್ತ, ಕಪ್ಪು ಬಳಿದ, ಅಂಗೈಗಿಂತ ಉದ್ದನೆಯ ಚಾಕುವನ್ನು ದಿನಬಳಕೆಯ ವಸ್ತುವೆಂದು ಕೊಳ್ಳುವವರು, ಅದರಿಂದ ಆಗುವ ಯಾವ ಕೆಲಸ ಚಿಕ್ಕ ಅಲಗಿನಿಂದ ಆಗದು ಎಂದು ತಮ್ಮನ್ನೇ ಕೇಳಿಕೊಳ್ಳಲಿ. ಉತ್ತರ ತೋಚದಿದ್ದರೆ ಅವರು ಕೊಳ್ಳುತ್ತಿರುವುದು ಉಪಕರಣವನ್ನಲ್ಲ, ಹುಸಿ ಧೈರ್ಯವನ್ನು. ಮಾತಿಗೆ ಮಾತು ಬೆಳೆದ ಹೊತ್ತಿನಲ್ಲಿ ಜೇಬಿನಲ್ಲಿರುವ ಉದ್ದನೆಯ ಅಲಗು ಯಾರನ್ನೂ ಕಾಯುವುದಿಲ್ಲ, ಜಗಳವನ್ನು ಕೊಲೆಯಾಗಿಸುತ್ತದೆ. ನೆರೆಯವರು ಕೇಳಿದಾಗ ಸಂಕೋಚವಿಲ್ಲದೆ ತೆಗೆದುಕೊಡಬಹುದಾದ, ಮಗುವಿನ ಎದುರು ನಿರಾತಂಕವಾಗಿ ಬಿಚ್ಚಬಹುದಾದ ಚಾಕುವೇ ದಿನವೂ ಜೊತೆಗಿಟ್ಟುಕೊಳ್ಳಲು ಯೋಗ್ಯವಾದದ್ದು.

(ಲೇಖಕರು ನಿವೃತ್ತ ಸರ್ಕಾರಿ ಅಧಿಕಾರಿ)